ಸಾಬೀರಾ ಮಾಡಿದ ಆಣೆ

ಸಾಬೀರಾಳ ವಾರವನ್ನು ನಾಲ್ಕು ಊರುಗಳು ಹಂಚಿಕೊಂಡಿದ್ದವು. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ, ಗುರುವಾರ ಬಸವನ ಬಾಗೇವಾಡಿ. ಸಂಬಳ ಕೊಡುತ್ತಿದ್ದದ್ದು ಒಂದು ಸೇವಾ ಸಂಸ್ಥೆ. ಕೂರಲು ಜಾಗ ಮಾತ್ರ ಆಯಾ ಊರಿನ ಪುಣ್ಯಾತ್ಮರು ಕೊಟ್ಟದ್ದು. ಇಂಡಿಯಲ್ಲಿ ಅವಳಿಗೆ ಸಿಕ್ಕಿದ್ದು ನಿಂಬೆಹಣ್ಣಿನ ಗೋದಾಮಿಗೆ ಅಂಟಿಕೊಂಡ ಕೋಣೆ. ಕಿಟಕಿ ತೆರೆದರೆ ಹಮಾಲರ ಬೈಗುಳ, ಮುಚ್ಚಿದರೆ ಸೆಕೆ. ಮನೋರೋಗದ ಡಾಕ್ಟರು ತಿಂಗಳಿಗೊಮ್ಮೆ ಬಂದು ಗುಳಿಗೆ ಬರೆದುಕೊಟ್ಟು ಹೋಗುತ್ತಿದ್ದರು. ಉಳಿದದ್ದೆಲ್ಲ ಸಾಬೀರಾಳ ತಲೆಗೆ.

ಅವಳು ಧಾರವಾಡದಲ್ಲಿ ಕಲಿತುಬಂದ ವಿದ್ಯೆಗೆ ಪುಸ್ತಕದಲ್ಲಿ ‘ಅರಿವು-ವರ್ತನೆಯ ಚಿಕಿತ್ಸೆ’ ಎಂಬ ಹೆಸರಿದೆ. ಆ ಹೆಸರು ಹೇಳಿದರೆ ಬಂದವರೂ ಎದ್ದುಹೋದಾರು ಎಂದು ಅವಳು ಅದನ್ನು ಹೇಳುತ್ತಲೇ ಇರಲಿಲ್ಲ. ಜನ ಅದಕ್ಕೆ ಮಾತಿನ ಔಷಧ ಅನ್ನುತ್ತಿದ್ದರು. ‘ಬರೇ ಮಾತಾಡಾಕ ಬಸ್ಸಿಗೆ ರೊಕ್ಕ ಹಾಕಿ ಬರಬೇಕೇನ್ರಿ? ನಮ್ಮೂರ ಕಟ್ಟಿ ಮ್ಯಾಲೆ ಪುಕ್ಕಟ ಮಾತಾಡ್ತಾರ’ ಎಂದು ಕೇಳಿದವರು ಎಷ್ಟೋ ಮಂದಿ. ಆದರೆ ಭೀಮಾ ನದಿಯ ಸೇತುವೆ ಕಂಡರೆ ಎದೆ ಬಡಿದುಕೊಂಡು ಗಾಡಿ ನಿಲ್ಲಿಸುತ್ತಿದ್ದ ದೇವಣಗಾಂವದ ಟೆಂಪೋ ಡ್ರೈವರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸೇತುವೆಯನ್ನು ಹೋಗಿ ಬಂದು ದಾಟಿ, ಈಗ ಅದರ ಮೇಲೆಯೇ ಹಾಡು ಹಚ್ಚಿಕೊಂಡು ಹೋಗುತ್ತಿದ್ದ. ಹೆರಿಗೆಯ ಬಳಿಕ ಹಾಸಿಗೆ ಬಿಟ್ಟೇಳದೆ ಗೋಡೆ ನೋಡುತ್ತಿದ್ದ ಸಿಂದಗಿಯ ಹುಡುಗಿ, ದಿನಕ್ಕೊಂದು ಸಣ್ಣ ಕೆಲಸ ಎಂದು ಶುರುಮಾಡಿ, ಅತ್ತೆಯ ಜೊತೆ ಜಗಳ ತೆಗೆಯುವ ಮಟ್ಟಿಗೆ ಸುಧಾರಿಸಿದ್ದಳು. ಮನಸ್ಸಿಗೆ ಬಂದ ವಿಚಾರವೆಲ್ಲ ನಿಜವಲ್ಲ; ಹೆದರಿ ಓಡಿದಷ್ಟೂ ಹೆದರಿಕೆ ಬೆಳೆಯುತ್ತದೆ, ನಿಂತು ನೋಡಿದರೆ ಇಳಿಯುತ್ತದೆ. ಇಷ್ಟೇ ಅವಳ ವಿದ್ಯೆ. ಇದನ್ನು ಒಬ್ಬರ ಮೈಗೂಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅದು ಬೇರೆ ಮಾತು.

ಹನಮವ್ವನನ್ನು ಆ ಕೋಣೆಗೆ ಕರೆತಂದವನು ಅವಳ ಗಂಡ ಸಂಗು. ಪಕ್ಕದ ಗೋದಾಮಿನಲ್ಲೇ ಹಮಾಲಿ ಮಾಡುವವನು. ಅವರ ಊರು ಇಂಡಿಯಲ್ಲಿ ಟೆಂಪೋ ಹತ್ತಿದರೆ ಸಿಗುವ ಒಂದು ಹಳ್ಳಿ. ಹೆಸರು ಬೇಡ. ಇಂಥ ಊರನ್ನು ಹೆಸರು ಹಿಡಿದು ತೋರಿಸಿದರೆ ಉಳಿದ ಊರಿನವರೆಲ್ಲ ತಾವು ಬೇರೆ ಎಂದು ಹಾಯಾಗಿ ಕೂತುಬಿಡುತ್ತಾರೆ.

‘ಈಕಿ ಸಾಲ್ಯಾಗ ಬಿಸಿಯೂಟದ ಅಡಿಗಿ ಮಾಡ್ತಾಳ್ರಿ,’ ಅಂದ ಸಂಗು. ‘ಮೊನ್ನೆ ಮಾಡಿದ ಸಾರೆಲ್ಲಾ ಗಟಾರಕ್ಕ ಚೆಲ್ಲಿಬಿಟ್ಲು. ಹುಡುಗ್ರು ಬರೇ ಅನ್ನಾ ಉಂಡ್ವು. ಇನ್ನೊಮ್ಮೆ ಹಿಂಗಾದ್ರ ಕೆಲಸದಿಂದ ತಗೀತೇನಿ ಅಂತ ಹೆಡ್ ಮಾಸ್ತರು ಹೇಳ್ಯಾರ. ನೀವ ಒಂದೀಟು ಬುದ್ಧಿ ಹೇಳ್ರಿ.’

ಹನಮವ್ವ ನಲವತ್ತರ ಆಸುಪಾಸಿನ ಹೆಂಗಸು. ನೀರಲ್ಲಿ ನೆನೆದು ನೆನೆದು ಬೆರಳ ಸಂದುಗಳು ಬಿಳಿಚಿಕೊಂಡಿದ್ದವು. ಗಂಡ ಹೊರಗೆ ಹೋಗುವವರೆಗೆ ಅವಳು ಕಾದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ಇಳಿಸಿದಳು.

‘ಅಕ್ಕಾರ, ಹುಡುಗ್ರ ಅನ್ನದಾಗ ನಾ ವಿಷಾ ಹಾಕೇನೇನೋ ಅನಸ್ತೈತ್ರಿ.’

‘ಹಾಕಬೇಕು ಅಂತ ಯಾವಾಗರ ಅನಿಸೈತೇನು?’

‘ಅಯ್ಯೋ ಶಿವನ! ಆ ಕೂಸುಗಳು ನನಗ ಅವ್ವಾ ಅಂತ ಕರೀತಾವ್ರಿ. ಅದಕ್ಕ ಹೆದರಿಕಿ. ಕೈಯಾಗ ಏನೂ ಇಲ್ಲಂತ ಕಣ್ಣಿಗಿ ಕಾಣ್ತೈತಿ, ಮನಸು ಒಪ್ಪೂದಿಲ್ಲ. ಹಾಕಿ ಮರತಿದೀಯೇನೋ ಅಂತೈತಿ.’

ಇದಕ್ಕೆ ಗೀಳು ರೋಗ ಅನ್ನುತ್ತಾರೆ. ಇರುವೆ ತುಳಿದರೂ ನೊಂದುಕೊಳ್ಳುವಂಥವರನ್ನು ಹುಡುಕಿಕೊಂಡು ಹೋಗಿ ‘ನೀನು ಕೊಲೆ ಮಾಡುವಾಕೆ’ ಎಂದು ಕಿವಿಯಲ್ಲಿ ಊದುವ ದರಿದ್ರ ರೋಗ ಅದು. ಎಲ್ಲಿಯೋ ಬಿಸಿಯೂಟದಲ್ಲಿ ಹಲ್ಲಿ ಬಿದ್ದ ಸುದ್ದಿಯನ್ನು ಟಿವಿಯಲ್ಲಿ ನೋಡಿದ ದಿನ ಹನಮವ್ವನಿಗೆ ಹತ್ತಿದ್ದು ಮತ್ತೆ ಇಳಿದಿರಲಿಲ್ಲ. ಮೊದಲು ಹಲ್ಲಿಯ ಭಯ, ಆಮೇಲೆ ನೆಲ ಒರೆಸುವ ಫಿನೈಲಿನದು, ಕೊನೆಗೆ ಹೊಲಕ್ಕೆ ಹೊಡೆಯುವ ಎಣ್ಣೆಯದು. ಬೇಳೆಯನ್ನು ನೀರು ತಿಳಿಯಾದ ಮೇಲೂ ತೊಳೆಯುತ್ತಿದ್ದಳು. ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರೊಬ್ಬರು ರುಚಿ ನೋಡಬೇಕೆಂದು ನಿಯಮವಿದೆ. ಗುರುನಾಥ ಮಾಸ್ತರರು ಒಂದು ಸೌಟು ರುಚಿ ನೋಡಿ ಹೋದರೆ ಹನಮವ್ವ ಬೆನ್ನ ಹಿಂದೆಯೇ ಓಡಿ ಇನ್ನೊಂದು ಸೌಟು ಕುಡಿಸುತ್ತಿದ್ದಳು. ಗಂಟೆ ಹೊಡೆಯುವ ಹೊತ್ತಿಗೆ ಮತ್ತೊಂದು. ಅವರು ಮನೆಯಿಂದ ಬುತ್ತಿ ತರುವುದನ್ನೇ ಬಿಟ್ಟಿದ್ದರು. ‘ಏನೂ ಆಗಿಲ್ಲ ಹನಮವ್ವ, ಛಲೋ ಐತಿ’ ಎಂದು ಅವರು ಹೇಳಿದಾಗಲೆಲ್ಲ ರೋಗಕ್ಕೆ ಒಂದು ಹಿಡಿ ಮೇವು ಹಾಕಿದಂತಾಗುತ್ತಿತ್ತು. ಪಾಪ, ಒಳ್ಳೆಯ ಮನುಷ್ಯ, ಅವರಿಗೇನು ಗೊತ್ತು.

ಚಿಕಿತ್ಸೆ ಶುರುವಾಯಿತು. ಮೊದಮೊದಲು ಮನೆಯಲ್ಲಿ, ಬೇಳೆಯನ್ನು ಒಂದೇ ಸಲ ತೊಳೆದು ಒಲೆಗಿಡುವುದು. ಆಮೇಲೆ ಮುಚ್ಚಳ ಬಿಗಿದ ಫಿನೈಲ್ ಬಾಟಲಿಯನ್ನು ಒಲೆಯ ಕಟ್ಟೆಯ ಮೇಲೆ ಇಟ್ಟುಕೊಂಡೇ ಗಂಡನಿಗೆ ಅಡಿಗೆ ಮಾಡುವುದು. ಆ ದಿನ ಹನಮವ್ವ ಬೆವರಿನಲ್ಲಿ ತೊಯ್ದುಹೋದಳಂತೆ, ಸಂಗು ಉಂಡು ತೇಗಿ ಬೀಡಿ ಹಚ್ಚಿದನಂತೆ. ಎಲ್ಲಕ್ಕಿಂತ ಕಷ್ಟವಾದದ್ದು ಯಾರನ್ನೂ ಕೇಳದೆ ಇರುವುದು. ಸಂಗುವಿಗೂ ಗುರುನಾಥ ಮಾಸ್ತರರಿಗೂ ಸಾಬೀರಾ ತಾನೇ ತಿಳಿಸಿ ಹೇಳಿದಳು: ಅವಳು ಕೇಳಿದರೆ ಹೌದು ಅನ್ನಬೇಡಿ, ಇಲ್ಲ ಅಂತಲೂ ಅನ್ನಬೇಡಿ.

‘ಸಂಶಯ ಬಂದಾಗ, ಇಲ್ಲ ನಾ ಹಾಕಿಲ್ಲ ಅಂತ ಅದರ ಕೂಡ ವಾದಕ್ಕ ನಿಲ್ಲಬ್ಯಾಡ್ರಿ,’ ಎಂದು ಹನಮವ್ವನಿಗೆ ಕಲಿಸಿದಳು. ‘ನಿಂತ್ರ ಅದೇ ಗೆಲ್ತೈತಿ. ಹಾಕಿದ್ರ ಹಾಕಿರಬಹುದು, ಇಲ್ಲಂದ್ರ ಇಲ್ಲ ಅನ್ರಿ. ಅಂದು ನಿಮ್ಮ ಕೆಲಸಾ ಮಾಡ್ಕೋತ ಹೋಗ್ರಿ.’

‘ಹಂಗಂದ್ರ ಹಾಕೇನಿ ಅಂತ ಒಪ್ಪಿಕೊಂಡಂಗ ಆಗೂದಿಲ್ಲೇನ್ರಿ?’

‘ಇಲ್ಲ. ನೂರಕ್ಕ ನೂರು ಖಾತ್ರಿ ಯಾರಿಗೂ ಇರೂದಿಲ್ಲ. ಮುಂಜಾನೆ ಮನಿ ಬಿಡೂ ಮುಂದ ಗ್ಯಾಸ್ ಬಂದ್ ಮಾಡೇನೋ ಇಲ್ಲೋ, ನನಗೂ ಖಾತ್ರಿ ಇಲ್ಲ. ಆದ್ರೂ ಬಂದು ಇಲ್ಲಿ ಕುಂತೇನಿಲ್ಲೋ?’

‘ಫೋನ್ ಹಚ್ಚಿ ಕೇಳ್ರಿ ಅಕ್ಕಾರ!’ ಅಂದಳು ಹನಮವ್ವ ಗಾಬರಿಯಿಂದ. ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಅವತ್ತು ಇಬ್ಬರೂ ಮೊದಲ ಸಲ ಕೂಡಿ ನಕ್ಕರು.

ಬೇಸಿಗೆ ಕಳೆದು ಶಾಲೆ ತೆರೆದು ಮಳೆ ಹಿಡಿಯುವ ಹೊತ್ತಿಗೆ ಗುರುನಾಥ ಮಾಸ್ತರರು ಮತ್ತೆ ಮನೆಯಿಂದ ಬುತ್ತಿ ತರತೊಡಗಿದ್ದರು. ಹನಮವ್ವನ ಬೆರಳುಗಳ ಬಿಳಿಚು ಹೋಗಿತ್ತು. ‘ಸಂಶಯ ಈಗೂ ಬರ್ತೈತ್ರಿ,’ ಅನ್ನುತ್ತಿದ್ದಳು. ‘ಬೀಗರಂಗ ಬಂದು ಕುಂದರ್ತೈತಿ. ನಾ ಚಾ ಕೊಡೂದಿಲ್ಲ. ಕುಂತು ಕುಂತು ಬ್ಯಾಸರಾಗಿ ಎದ್ದು ಹೋಗ್ತೈತಿ.’ ಸಾಬೀರಾ ಇದನ್ನು ಬಾಗೇವಾಡಿಯ ಒಂದು ತರಬೇತಿಯಲ್ಲಿ, ಹೆಸರು ಹೇಳದೆ, ಹತ್ತಾರು ಜನರ ಮುಂದೆ ಹೇಳಿ ಚಪ್ಪಾಳೆ ಹೊಡೆಸಿಕೊಂಡಳು. ಉಬ್ಬಿದ್ದಳು, ಅದರಲ್ಲಿ ಸುಳ್ಳಿಲ್ಲ. ಈ ಕೆಲಸದಲ್ಲಿ ಉಬ್ಬಲು ಸಿಗುವ ದಿನಗಳೇ ಕಡಿಮೆ.

ಶ್ರಾವಣದಲ್ಲಿ ಒಂದು ದಿನ ಸಂಜೆಯಿಂದ ಆ ಊರಿನ ಶಾಲೆಯ ಮಕ್ಕಳಿಗೆ ವಾಂತಿ, ಭೇದಿ ಶುರುವಾಯಿತು. ಒಂದು ಮನೆಯಲ್ಲಿ ಅಲ್ಲ, ಓಣಿಗೆ ಓಣಿಯೇ. ಸಿಕ್ಕ ಟೆಂಪೋ, ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಓಡಿದರು. ಬಹಳಷ್ಟು ಮಕ್ಕಳು ಸಲೈನ್ ಹಚ್ಚಿಸಿಕೊಂಡು ಚೇತರಿಸಿಕೊಂಡರು. ಒಂದನೆಯ ತರಗತಿಯ ಪಲ್ಲವಿ ಚೇತರಿಸಿಕೊಳ್ಳಲಿಲ್ಲ. ಸುಮಂಗಲಾ ಎಂಬ ವಿಧವೆ ಹೆಂಗಸಿನ ಒಬ್ಬಳೇ ಮಗಳು. ಎರಡು ಜಡೆಗೂ ಬೇರೆ ಬೇರೆ ಬಣ್ಣದ ರಿಬ್ಬನ್ ಕಟ್ಟಿಸಿಕೊಂಡು ಬಂದು, ಹನಮವ್ವನ ಹತ್ತಿರ ಸಾರಿನ ಬೇಳೆಯನ್ನು ತಳದಿಂದ ತೆಗೆದು ಹಾಕು ಎಂದು ಕಾಡುತ್ತಿದ್ದ ಹುಡುಗಿ ಅದು.

ಅಧಿಕಾರಿಗಳು ಬಂದು ಅಕ್ಕಿ, ಬೇಳೆ, ನೀರು ಎಲ್ಲವನ್ನೂ ಬಾಟಲಿಗೆ ತುಂಬಿಕೊಂಡು ಪರೀಕ್ಷೆಗೆ ಕಳಿಸಿದರು. ಪೊಲೀಸರು ಹನಮವ್ವನನ್ನು ಕೇಳುವುದನ್ನು ಕೇಳಿ, ವರದಿ ಬರಲಿ ಎಂದು ಹೋದರು. ವರದಿಗೆ ಕಾಯುವ ತಾಳ್ಮೆ ಊರಿಗೆಲ್ಲಿಂದ ಬರಬೇಕು? ಹೆಣ ಕಂಡ ಊರು ಅದು. ಹನಮವ್ವ ವಾರ ವಾರ ಇಂಡಿಗೆ ಹುಚ್ಚರ ಡಾಕ್ಟರ ಕಡೆ ಹೋಗುತ್ತಾಳೆ ಎಂದು ಒಬ್ಬರು ಅಂದರು. ‘ನಾ ಏನರ ಹಾಕೇನೇನು?’ ಎಂದು ಅವಳು ಮೊದಲು ಎಲ್ಲರನ್ನೂ ಕೇಳುತ್ತಿದ್ದದ್ದು ಇನ್ನೊಬ್ಬರಿಗೆ ನೆನಪಾಯಿತು. ಒಂದು ನೆನಪಾದ ಮೇಲೆ ಉಳಿದವರಿಗೂ ಒಂದೊಂದು ನೆನಪಾಗತೊಡಗಿತು. ಚೆಲ್ಲಿದ ಸಾರಿನ ಕಥೆಗೆ ಆ ವಾರದಲ್ಲಿ ಕೈಕಾಲು ಬಂದವು.

ಸೋಮವಾರ ಸಾಬೀರಾ ಇಂಡಿಯ ಕೋಣೆಯಲ್ಲಿ ಇನ್ನೂ ಕುರ್ಚಿ ಎಳೆದು ಕೂತಿರಲಿಲ್ಲ, ಸಂಗುವಿನ ಫೋನ್ ಬಂತು.

‘ಅಕ್ಕಾರ, ಜಲ್ದಿ ಬರ್ರಿ. ಈಕೀನ ಬೀರಪ್ಪನ ಗುಡಿಗಿ ಕರ್ಕೊಂಡು ಬಂದಾರ. ಭಂಡಾರ ಮುಟ್ಟಿ ಆಣಿ ಮಾಡು ಅಂತಾರ. ಈಕಿ ಒಲ್ಲೆ ಅಂತಾಳ.’

ಆ ಸೀಮೆಯಲ್ಲಿ ಬೀರಪ್ಪನ ಭಂಡಾರ, ಅಂದರೆ ದೇವರ ಮುಂದಿನ ಅರಿಶಿನದ ಪುಡಿ, ಕೋರ್ಟಿಗಿಂತ ದೊಡ್ಡದು. ಕುರಿ ಕಳುವಾದರೂ ಬದುವಿನ ಕಲ್ಲು ಸರಿದರೂ ಸಂಶಯಕ್ಕೆ ಸಿಕ್ಕವನು ಅದರಲ್ಲಿ ಕೈಯಿಟ್ಟು ‘ನಾನಲ್ಲ’ ಅಂದರೆ ಮುಗಿಯಿತು, ಹಗೆಯವನೂ ಮತ್ತೆ ಕೇಳುವಂತಿಲ್ಲ. ಸುಳ್ಳು ಆಣೆ ಮಾಡಿದರೆ ಮನೆಯ ಮಕ್ಕಳಿಗೆ ತಟ್ಟುತ್ತದೆ. ಹಾಗಾಗಿ ಅದು ಶಿಕ್ಷೆಯಲ್ಲ, ಪಾರಾಗುವ ಬಾಗಿಲು. ಆದರೆ ಆ ಬಾಗಿಲಲ್ಲಿ ಹೊಕ್ಕು ಹೋಗಲು ನೂರಕ್ಕೆ ನೂರು ಖಾತ್ರಿ ಬೇಕು. ಲೋಕದಲ್ಲಿ ಎಲ್ಲರೂ ತಮಗಿದೆ ಎಂದುಕೊಂಡಿರುವ, ಹನಮವ್ವ ಒಬ್ಬಳಿಗೇ ಹಾಗೆ ಅಂದುಕೊಳ್ಳಲೂ ಆಗದ ವಸ್ತು ಅದು. ಇದು ಹೊಳೆದೊಡನೆ ಟೆಂಪೋದಲ್ಲಿ ಕೂತ ಸಾಬೀರಾ ಜಲ್ದಿ ನಡೆಸು ಎಂದು ಡ್ರೈವರನನ್ನು ಅವಸರಿಸಿದಳು.

ಗುಡಿಯ ಮುಂದೆ ಊರೇ ನಿಂತಿತ್ತು. ಹನಮವ್ವ ಕಟ್ಟೆಯ ಕೆಳಗೆ, ಆಣೆಗೆಂದು ತಲೆಗೆ ನೀರು ಸುರಿಸಿದ್ದ ಒದ್ದೆ ಸೀರೆಯಲ್ಲಿ. ಎದುರಿಗೆ ಹಿತ್ತಾಳೆಯ ತಾಟಿನಲ್ಲಿ ಭಂಡಾರ ಹಿಡಿದು ಪೂಜಾರಿ ಮಾನಪ್ಪ. ಮಾನಪ್ಪ ಕೆಟ್ಟವನಲ್ಲ, ಅವಳನ್ನು ಉಳಿಸಲೆಂದೇ ಜನರನ್ನು ಗುಡಿಯವರೆಗೆ ತಂದಿದ್ದ. ಇಲ್ಲದಿದ್ದರೆ ಅವರು ಅವಳ ಮನೆಗೇ ಹೋಗುತ್ತಿದ್ದರು.

‘ತಂಗೀ, ಕೈ ಇಡು,’ ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದ. ‘ನಾ ಹಾಕಿಲ್ಲ ಅನ್ನು. ಮನಿಗಿ ಹೋಗು. ನಾ ಅದೇನಿ, ಯಾರೂ ನಿನ್ನ ಮುಟ್ಟೂದಿಲ್ಲ.’

ಹನಮವ್ವನ ಕೈ ತಾಟಿನವರೆಗೆ ಹೋಗುತ್ತಿತ್ತು, ಮುಟ್ಟದೆ ಹಿಂದೆ ಬರುತ್ತಿತ್ತು. ಅಷ್ಟರಲ್ಲಿ ಜನರ ನಡುವೆ ನುಗ್ಗಿ ಬರುತ್ತಿದ್ದ ಸಾಬೀರಾ ಅವಳ ಕಣ್ಣಿಗೆ ಬಿದ್ದಳು. ಹನಮವ್ವನ ಮುಖ ಅರಳಿತು. ಮರೆತ ಪಾಠ ಶಾಲೆಯ ಅಕ್ಕಾರನ್ನು ಕಂಡೊಡನೆ ನೆನಪಾದ ಹುಡುಗಿಯ ಹಾಗೆ ನೆಟ್ಟಗೆ ನಿಂತಳು. ಸಾಬೀರಾ ಬೇಡ ಬೇಡ ಎಂದು ತಲೆ ಆಡಿಸಿದಳು. ಅದು ಅವಳಿಗೆ ತಿಳಿಯಲಿಲ್ಲ. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

‘ಹಾಕಿದ್ರ ಹಾಕಿರಬಹುದು, ಇಲ್ಲಂದ್ರ ಇಲ್ಲ.’

ಎಲ್ಲಿಂದಲೋ ಒಂದು ಚಪ್ಪಲಿ ಬಂದು ಅವಳ ಕಿವಿಗೆ ಬಡಿಯಿತು. ಹೆಂಗಸರು ಮೊದಲು ನುಗ್ಗಿದರು, ಗಂಡಸರು ಹಿಂದೆ. ಸಂಗು ಹೆಂಡತಿಯ ಮೇಲೆ ಕವುಚಿ ಬಿದ್ದ. ಅವನ ಬೆನ್ನಿಗೆ ಬಿದ್ದ ಹೊಡೆತಗಳು ದೂರಕ್ಕೂ ಕೇಳುತ್ತಿದ್ದವು. ಸಾಬೀರಾ ಕಟ್ಟೆ ಹತ್ತಿ, ಇದು ರೋಗ, ‘ಹಾಕಿಲ್ಲ’ ಅನ್ನಲು ಈಕೆಗೆ ಆಗುವುದೇ ಇಲ್ಲ, ಈಗ ಅಂದ ಮಾತನ್ನು ಕಲಿಸಿದವಳು ನಾನು ಎಂದು ಗಂಟಲು ಹರಿಯುವಂತೆ ಕೂಗಿದಳು.

‘ಮಾಡಿದಾಕೀಗಿ ಮಾಡಿದ್ದು ಗೊತ್ತಿರೂದಿಲ್ಲೇನು?’ ಎಂದ ಒಬ್ಬ. ಕೈಯಲ್ಲಿ ಕಲ್ಲಿತ್ತು.

ಅವನನ್ನು ಪಕ್ಕಕ್ಕೆ ತಳ್ಳಿ ಸುಮಂಗಲಾ ಮುಂದೆ ಬಂದಳು. ಅವಳು ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ.

‘ನಿನಗ ಮಕ್ಕಳದಾವ?’ ಎಂದು ಸಾಬೀರಾಳನ್ನು ಕೇಳಿದಳು.

‘ಒಬ್ಬಾಕಿ ಮಗಳದಾಳ.’

‘ಏನ ಹೆಸರು?’

‘ನಾಜಿಮಾ.’

‘ಈಕೀ ತಲ್ಯಾಗ ಏನೈತಿ ಅಂತ ನಿನಗ ಗೊತ್ತೈತಿ ಅಂತೀ. ಹಂಗಾರ ನೀನ ಹೇಳು. ಭಂಡಾರದಾಗ ಕೈ ಇಟ್ಟು, ನಿನ್ನ ಮಗಳ ಮ್ಯಾಲೆ ಆಣಿ ಮಾಡಿ ಹೇಳು. ಈಕಿ ನನ್ನ ಕೂಸಿಗಿ ವಿಷಾ ಹಾಕ್ಯಾಳೋ, ಇಲ್ಲೋ?’

ಮುಸಲ್ಮಾನರ ಹೆಣ್ಣುಮಗಳ ಆಣೆ ಬೀರಪ್ಪನಿಗೆ ನಡೆಯುತ್ತದೆಯೇ ಎಂದು ಯಾರೋ ಗೊಣಗಿದರು. ‘ಮಗಳ ಮ್ಯಾಲಿನ ಆಣಿ ಎಲ್ಲಾ ದೇವರಿಗೂ ನಡೀತೈತಿ,’ ಎಂದು ಮಾನಪ್ಪ ತಾಟನ್ನು ಅವಳ ಕಡೆ ಹಿಡಿದ.

ಸಾಬೀರಾ ಶಾಲೆಯ ಅಡಿಗೆ ಕೋಣೆಯಲ್ಲಿ ಅವತ್ತು ಇರಲಿಲ್ಲ. ಅವಳು ನೋಡಿಲ್ಲ. ಹನಮವ್ವ ಹಾಕಿಲ್ಲ ಎಂದು ತನ್ನ ಎಲುಬಿಗೆ ಗೊತ್ತಿದ್ದರೂ ಅದನ್ನು ಬಾಯಿಬಿಟ್ಟು ಹೇಳುವುದು ಈ ಚಿಕಿತ್ಸೆಯಲ್ಲಿ ಔಷಧದ ಬದಲು ರೋಗವನ್ನೇ ಕುಡಿಸಿದ ಹಾಗೆ. ಇಷ್ಟು ತಿಂಗಳು ಯಾರೂ ಹೇಳದಂತೆ ಕಾದುಕೊಂಡು ಬಂದ ಮಾತು ಅದು. ಆದರೆ ಕೆಳಗೆ ಸಂಗುವಿನ ಬೆನ್ನಿನ ಅಂಗಿ ರಕ್ತಕ್ಕೆ ಅಂಟಿಕೊಂಡಿತ್ತು, ಕಲ್ಲು ಹಿಡಿದವನ ಕೈ ಇನ್ನೂ ಮೇಲೆಯೇ ಇತ್ತು. ಪುಸ್ತಕ ಬರೆದವರು ಇಂಥ ಗುಡಿಯ ಮುಂದೆ ನಿಂತು ಬರೆದದ್ದಲ್ಲ. ಅವಳು ಭಂಡಾರದಲ್ಲಿ ಕೈ ಊರಿದಳು.

‘ನನ್ನ ಮಗಳು ನಾಜಿಮಾನ ಆಣಿ. ಹನಮವ್ವ ಏನೂ ಹಾಕಿಲ್ಲ.’

ಸುಮಂಗಲಾ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ ಮನೆಯ ಕಡೆ ನಡೆದಳು. ಅವಳು ಹೋದ ಮೇಲೆ ಉಳಿದವರಿಗೆ ಅಲ್ಲಿ ನಿಲ್ಲಲು ಕಾರಣ ಉಳಿಯಲಿಲ್ಲ, ಒಬ್ಬೊಬ್ಬರೇ ಚದುರಿದರು. ಸಾಬೀರಾ ಕೆಳಗಿಳಿದು ಹನಮವ್ವನನ್ನು ಎಬ್ಬಿಸಿದಳು. ಕಿವಿಯ ಹತ್ತಿರ ಹರಿದು ರಕ್ತ ಬರುತ್ತಿತ್ತು. ಅದರ ಪರಿವೆಯೇ ಅವಳಿಗೆ ಇರಲಿಲ್ಲ. ಅರಿಶಿನ ಹತ್ತಿದ ಸಾಬೀರಾಳ ಅಂಗೈಯನ್ನೇ ಹಾವು ಕಂಡವರ ಹಾಗೆ ನೋಡುತ್ತಿದ್ದಳು.

‘ಅಕ್ಕಾರ, ಇದೇನ ಮಾಡಿದ್ರಿ?’ ಅಂದಳು. ‘ನೀವೇನ ನೋಡೀರಿ? ಕೂಸಿನ ಮ್ಯಾಲೆ ಯಾಕ ಆಣಿ ಮಾಡಿದ್ರಿ?’

ಮರುದಿನ ನಸುಕಿನಲ್ಲೇ ಹನಮವ್ವನ ಫೋನು. ಸಾಬೀರಾ ಸಿಂದಗಿಯ ಮನೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು. ‘ನಾಜಿಮಾ ಆರಾಮ ಅದಾಳೇನ್ರಿ?’ ಆರಾಮ ಇದ್ದಾಳೆ ಎಂದು ಹೇಳಿದಳು. ಮಧ್ಯಾಹ್ನ ಮತ್ತೆ. ಸಾಲಿಗಿ ಹೋಗ್ಯಾಳೇನ್ರಿ, ಹಾದಿ ದಾಟೂ ಮುಂದ ಯಾರರ ಕೈ ಹಿಡೀತಾರೇನ್ರಿ, ನೀರು ಕಾಸಿ ಕೊಡ್ತೀರೇನ್ರಿ. ಹಳೆಯ ರೋಗ ಹೊಸ ಮನೆ ಹೊಕ್ಕಿದೆ ಎಂದು ತಿಳಿಯಲು ಸಾಬೀರಾಳಿಗೆ ಎರಡನೆಯ ಫೋನು ಸಾಕಾಯಿತು. ಉತ್ತರ ಕೊಡಬಾರದಿತ್ತು. ಬೇರೆ ಯಾರದೇ ವಿಷಯವಾಗಿದ್ದರೆ ಕೊಡುತ್ತಲೂ ಇರಲಿಲ್ಲ. ಆದರೆ ತನ್ನ ಹೊಟ್ಟೆಯ ಕೂಸು ಚೆನ್ನಾಗಿದೆಯೇ ಎಂದು ಆ ಪರಿ ಅಳುತ್ತ ಕೇಳುವ ಹೆಂಗಸಿಗೆ ಉತ್ತರ ಕೊಡದೆ ಇರುವುದು ಸಾಬೀರಾಳಿಂದ ಆಗಲಿಲ್ಲ. ‘ಆರಾಮ ಅದಾಳ ಹನಮವ್ವ, ಆರಾಮ ಅದಾಳ’ ಎಂದು ಮುದ್ದೇಬಿಹಾಳದ ಬಸ್ಸಿನಲ್ಲಿ ಹೇಳಿದಳು, ಬಾಗೇವಾಡಿಯಲ್ಲಿ ಬೇರೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ಗುರುನಾಥ ಮಾಸ್ತರರ ಸೌಟು ಈಗ ಅವಳ ಕೈಗೆ ಬಂದಿತ್ತು.

ಶನಿವಾರ ನಾಜಿಮಾಳಿಗೆ ಜ್ವರ ಬಂತು. ಮಳೆಗಾಲದ ಜ್ವರ, ಅವಳ ತರಗತಿಯ ಅರ್ಧ ಮಕ್ಕಳು ಮಲಗಿದ್ದರು. ಸಾಬೀರಾ ಹನಮವ್ವನಿಗೆ ಹೇಳಲಿಲ್ಲ. ಆರಾಮ ಅದಾಳ ಅನ್ನುತ್ತಲೇ ಇದ್ದಳು. ಆದರೆ ಭಾನುವಾರ ಅವಳು ಔಷಧ ತರಲು ಅಂಗಡಿಗೆ ಹೋದಾಗ, ಹಾಸಿಗೆಯ ಪಕ್ಕದಲ್ಲಿ ಬಿಟ್ಟುಹೋದ ಫೋನು ಬಡಿದುಕೊಂಡು, ಮಗಳೇ ಎತ್ತಿದಳು. ತಿರುಗಿ ಬಂದಾಗ ನಾಜಿಮಾ ಹೇಳಿದಳು:

‘ಅಮ್ಮೀ, ಯಾರೋ ಆಂಟಿ ಮಾತಾಡಿದ್ರು. ಆರಾಮ ಅದೀಯೇನವ್ವಾ ಅಂದ್ರು. ಜ್ವರ ಬಂದೈತಿ ಅಂದೆ ನಾ. ಕಟ್ ಮಾಡಿದ್ರು.’

ಸಾಬೀರಾ ತಿರುಗಿ ಹಚ್ಚಿದಳು. ಫೋನು ಬಂದ್ ಆಗಿತ್ತು. ಆ ದಿನ ಮತ್ತೆ ಕರೆ ಬರಲಿಲ್ಲ. ಆ ಮೌನ ಅವಳಿಗೆ ಮೊದಲು ಹಗುರೆನಿಸಿತು, ಸಂಜೆಯ ಹೊತ್ತಿಗೆ ಹೆದರಿಕೆಯಾಯಿತು.

ಸೋಮವಾರ ಬೆಳಿಗ್ಗೆ ಇಂಡಿಯಲ್ಲಿ ಇಳಿಯುತ್ತಿದ್ದಂತೆ ಗುರುನಾಥ ಮಾಸ್ತರರ ಫೋನು ಬಂತು. ವರದಿ ಬಂದಿದೆಯಂತೆ. ಅನ್ನದಲ್ಲಿ, ಬೇಳೆಯಲ್ಲಿ ಏನೂ ಇಲ್ಲ. ಶಾಲೆಯ ನೀರಿನ ಟಾಕಿಗೆ ಬರುವ ಪೈಪು ಒಡೆದು ಗಟಾರದ ನೀರು ಸೇರಿತ್ತು. ಮಕ್ಕಳು ಕುಡಿದದ್ದು ಅದನ್ನು. ಮಾಸ್ತರರು ಕಾಗದದ ಫೋಟೋ ಕಳಿಸಿದ್ದರು. ಸಾಬೀರಾ ಅದನ್ನು ನಿಂತಲ್ಲೇ ಓದಿದಳು. ಓದುತ್ತ ಅತ್ತಳು. ಪಲ್ಲವಿಗಾಗಿ ಅತ್ತಳು, ತನ್ನ ಆಣೆ ಸುಳ್ಳಾಗಲಿಲ್ಲವಲ್ಲ ಎಂದೂ ಅತ್ತಳು. ನೂರಕ್ಕೆ ನೂರು ಖಾತ್ರಿ ಎಂಬ ವಸ್ತುವನ್ನು ಕೊನೆಗೂ ಸರ್ಕಾರವೇ ಕಾಗದದ ಮೇಲೆ ಬರೆದುಕೊಟ್ಟಿತ್ತು. ಅದನ್ನು ಹಿಡಿದು ಟೆಂಪೋ ಹತ್ತಿದಳು.

ಊರು ಅವಳನ್ನು ಕಂಡು ಮುಖ ತಿರುಗಿಸಿತು. ವರದಿಯ ಸುದ್ದಿ ಮುಟ್ಟಿಲ್ಲವೇನೋ ಅಂದುಕೊಂಡಳು. ಮುಟ್ಟಿತ್ತು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಮಾನಪ್ಪ ಅವಳನ್ನು ಕರೆದು ನಡೆದದ್ದು ಹೇಳಿದ. ಅದೇ ದಿನ ನಸುಕಿನಲ್ಲಿ ಹನಮವ್ವ ತಲೆಯ ಮೇಲೆ ನೀರು ಸುರಿದುಕೊಂಡು ತಾನೇ ಗುಡಿಗೆ ಬಂದಿದ್ದಳು. ಅವನು ಬಾಗಿಲು ತೆರೆದು ಕಸ ಹೊಡೆಯುತ್ತಿದ್ದ. ಕೇಳದೆಯೇ ಭಂಡಾರದಲ್ಲಿ ಎರಡೂ ಕೈ ಊರಿದಳು.

‘ಏನಂದ್ಲು ಗೊತ್ತೇನ್ರಿ? ನಾನ ಹಾಕೇನಿ. ಅಕ್ಕಾರಿಗೆ ಗೊತ್ತಿಲ್ದ ಆಣಿ ಮಾಡ್ಯಾರ, ಅದು ಆ ಕೂಸಿಗಿ ತಟ್ಟಬಾರದು, ನನಗ ತಟ್ಟಲಿ. ಹಂಗಂದ್ಲು.’ ಮಾನಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ‘ನಾ ಯಾರಿಗೂ ಹೇಳಬಾರ್ದಂತ ಇದ್ದೆ. ನೀರಿಗಿ ಬಂದ ಹೆಂಗಸ್ರು ಕೇಳಿಬಿಟ್ಟಾರ.’

‘ನೀರು ಕೆಟ್ಟಿತ್ತಂತ ವರದಿ ಬಂದೈತಲ್ರಿ!’

‘ಬಂದೈತ್ರಿ. ಮಾಸ್ತರು ಓದಿ ಹೇಳಿದ್ರು.’ ಅವನು ಅವಳ ಮುಖ ನೋಡಲಿಲ್ಲ. ‘ಆದ್ರ ಭಂಡಾರ ಮುಟ್ಟಿ ಆಕೀನ ಹೇಳಿದ ಮ್ಯಾಲೆ, ಕಾಗದಾ ಯಾರು ನಂಬ್ತಾರ್ರಿ?’

ಪೊಲೀಸರು ವರದಿ ನೋಡಿ ಹನಮವ್ವನ ತಂಟೆಗೆ ಬರುವುದಿಲ್ಲ ಅಂದಿದ್ದರು. ಆದರೆ ಊರಿನ ನಲ್ಲಿಯಲ್ಲಿ ಅವಳ ಕೊಡ ಇಡುವಂತಿರಲಿಲ್ಲ. ಸಂಗು ಬೆನ್ನಿನ ಗಾಯ ಇನ್ನೂ ಆರದೆ ಹೊಸ್ತಿಲ ಹತ್ತಿರ ಕೂತಿದ್ದ. ಸಾಬೀರಾಳನ್ನು ಕಂಡು ಏಳಲು ಹೋಗಿ, ಆಗದೆ, ಹಾಗೇ ಕೈ ಎತ್ತಿ ಒಳಗೆ ತೋರಿಸಿದ.

ಹನಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಬಾಚಿದ್ದಳು, ಕುಂಕುಮ ಇಟ್ಟಿದ್ದಳು. ಮುಖದಲ್ಲಿ ಆ ಗಾಬರಿ ಇರಲಿಲ್ಲ. ಸಾಬೀರಾ ಪಕ್ಕದಲ್ಲಿ ಕೂತು ವರದಿಯನ್ನು ಸಾಲು ಸಾಲಾಗಿ ಓದಿ ಹೇಳಿದಳು. ಹನಮವ್ವ ನಡುನಡುವೆ ತಲೆಯಾಡಿಸುತ್ತ, ರೊಟ್ಟಿ ತಿರುವಿ ಹಾಕುತ್ತ, ಪೂರ್ತಿ ಕೇಳಿದಳು.

‘ನೀರೂ ಕೆಟ್ಟಿರಬೇಕ್ರಿ,’ ಅಂದಳು.

‘ನೀವು ಹಾಕಿಲ್ಲ ಹನಮವ್ವ. ಇಲ್ಲಿ ಬರದಾರ. ನೀವು ಹಾಕಿಲ್ಲ.’ ಇಷ್ಟು ತಿಂಗಳು ನುಂಗಿಕೊಂಡಿದ್ದ ಮಾತನ್ನು ಸಾಬೀರಾ ಈಗ ಮತ್ತೆ ಮತ್ತೆ ಹೇಳುತ್ತಿದ್ದಳು, ಬೇಡುವವರ ಹಾಗೆ.

‘ಇರ್ಲಿ ಬಿಡ್ರಿ ಅಕ್ಕಾರ. ಈಗ ನನಗ ಸಂಶಯ ಇಲ್ಲ. ಸಂಶಯ ಬಂದ ವರ್ಸದಿಂದ ಇವತ್ತ ಮುಂಜಾನೆ ಕಣ್ಣಿಗಿ ನಿದ್ದಿ ಹತ್ತೇತ್ರಿ. ಗುಡಿಯಿಂದ ಬಂದು ಬಿದ್ದಾಕಿ ಬಿಸಲ ಏರೂತನಾ ಮಲಗೇನಿ.’ ಅವಳ ದನಿಯಲ್ಲಿ ದುಃಖವಿರಲಿಲ್ಲ. ತಿಂಗಳುಗಟ್ಟಲೆ ವಿದ್ಯೆಯೆಲ್ಲ ಖರ್ಚು ಮಾಡಿದರೂ ಸಾಬೀರಾಳಿಗೆ ಆ ಮುಖಕ್ಕೆ ತಂದುಕೊಡಲಾಗದಿದ್ದ ನೆಮ್ಮದಿ ಅಲ್ಲಿ ಬಂದು ಕೂತಿತ್ತು. ರೊಟ್ಟಿಯನ್ನು ಕೆಂಡದ ಪಕ್ಕ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಹನಮವ್ವ ಮೆಲ್ಲಗೆ ಕೇಳಿದಳು:

‘ನಾಜಿಮಾನ ಜ್ವರ ಇಳೀತೇನ್ರಿ?’

ಜ್ವರ ಇಳಿದಿತ್ತು. ಆ ಬೆಳಿಗ್ಗೆ, ನಸುಕಿನಲ್ಲಿ ಸಾಬೀರಾ ಹಣೆ ಮುಟ್ಟಿ ನೋಡಿದಾಗ ಮಗಳ ಮೈ ಬೆವೆತು ತಣ್ಣಗಾಗಿತ್ತು. ಮೂರು ದಿನಕ್ಕೆ ತಾನೇ ಇಳಿಯುವ ಜ್ವರ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೌದೆಂದರೆ ಹನಮವ್ವನ ನಸುಕಿನ ಆಣೆಗೆ ಸಾಕ್ಷಿ ಸಿಕ್ಕಂತಾಗುತ್ತದೆ ಎಂದು ಸಾಬೀರಾಳಿಗೆ ಗೊತ್ತಿತ್ತು. ಇಲ್ಲ ಅನ್ನಲು ಬಾಯಿ ತೆರೆದಳು. ಎದುರಿಗಿದ್ದ ಕಣ್ಣುಗಳನ್ನು ನೋಡಿದಳು. ಇಳಿದಿಲ್ಲ ಎಂದರೆ ಈ ಹೆಂಗಸು ಎದ್ದು ಇನ್ನೇನು ಮಾಡಿಯಾಳೋ ಎಂಬುದೂ ಅವಳಿಗೆ ಗೊತ್ತಿತ್ತು.

‘ಇಳೀತು,’ ಅಂದಳು.

ಹನಮವ್ವ ಎರಡೂ ಕೈ ಎತ್ತಿ ಗುಡಿಯಿದ್ದ ದಿಕ್ಕಿಗೆ ಮುಗಿದಳು. ಕಣ್ಣಲ್ಲಿ ನೀರು ತುಂಬಿ ಬಂತು, ಮುಖದ ತುಂಬ ನಗೆ.

‘ನೋಡ್ರಿ ಮತ್ತ,’ ಅಂದಳು.